ನೀಲಿ ದಾರದ ಅರಿವೆ

“ಗಾಡಿ ಮಾರೂದ ಖರೇ ಏನ್ರಿ, ಸಾವಕಾರ್ರ?” ಎಂದು ಗ್ಯಾರೇಜಿನ ಪಾಯಪ್ಪ ಕೇಳುವಷ್ಟರಲ್ಲಿ ಶಶಿಧರ ಕಾರಿನ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ರಸ್ತೆಯ ಕಡೆ ನಾಲ್ಕು ಹೆಜ್ಜೆ ಹಾಕಿಯಾಗಿತ್ತು.

ಅವನು ನಿಂತು ತಿರುಗಿದ. ಮಾರದೆ ಇನ್ನೇನು ಮಾಡಲಿ ಎಂದ. ಖಾನಾಪುರದಿಂದ ಪೀರನವಾಡಿಯ ಈ ಗ್ಯಾರೇಜಿಗೆ ಬರುವ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ಬಿಟ್ಟರೆ ಬೇರೊಂದು ಗಾಡಿಯನ್ನೂ ಹಿಂದೆ ಹಾಕಲು ಆಗಲಿಲ್ಲವಂತೆ. ಎಕ್ಸಲರೇಟರ್ ಒತ್ತಿದಷ್ಟೂ ಸದ್ದು ಬರುತ್ತದೆ, ಓಟ ಮಾತ್ರ ಬರುವುದಿಲ್ಲ. ಬೆಳಗಾವಿಯ ಎರಡು ದೊಡ್ಡ ಗ್ಯಾರೇಜುಗಳಲ್ಲಿ ಕಂಪ್ಯೂಟರ್ ಹಚ್ಚಿ ನೋಡಿದ್ದಾರೆ, ಸೆನ್ಸರ್ ಬದಲಿಸಿದ್ದಾರೆ, ಇಂಧನದ ಪಂಪು ಬದಲಿಸಿದ್ದಾರೆ. ರೋಗ ಇದ್ದಲ್ಲೇ ಇದೆ. ಸೋಮವಾರ ಗೋವಾದ ಕಡೆಯವನೊಬ್ಬ ಬರುತ್ತಾನೆ, ಹಳೆಯ ಗಾಡಿ ಬಿಚ್ಚಿ ಬಿಡಿಭಾಗ ಮಾರುವವನು. ಅವನಿಗೆ ಕೊಡುವ ಮೊದಲು ಕೊನೆಯದಾಗಿ ಪಾಯಪ್ಪನ ಕೈಯಲ್ಲೊಮ್ಮೆ ಇಟ್ಟು ನೋಡೋಣ ಎನಿಸಿತು, ಅಷ್ಟೆ.

“ನೀವ ಅವತ್ತ ಹೇಳಿದ್ರಲ್ಲಾ. ಬಿಸಿ ಇದ್ದಾಗ ಬಂದ್ ಮಾಡಿ ಮಾಡಿ ಟರ್ಬೊ ಸುಟ್ಟೈತಿ ಅಂತ. ನಮ್ಮ ಮನಿಯಾಕಿ ಮಾಡಿದ ಕೆಲಸಾ ಅದು. ಯಾರ ಏನ ಮಾಡಾಕ ಬರತೈತಿ?”

ಅಷ್ಟು ಹೇಳಿ ಶಶಿಧರ ಬಸ್ಸಿಗೆ ಕೈ ಮಾಡಿ ಹತ್ತಿಕೊಂಡ. ಖಾನಾಪುರದಲ್ಲಿ ಅವನದು ಹಂಚಿನ ವ್ಯಾಪಾರ. ಶನಿವಾರ ಗಿರಾಕಿ ಹೆಚ್ಚು. ಪಾಯಪ್ಪ ಕೀಲಿ ಎತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತ. ಅವನಿಗೆ ಐವತ್ತೊಂಬತ್ತು. ಅದರಲ್ಲಿ ಮೂವತ್ತೈದು ವರ್ಷ ಬಾನೆಟ್ಟಿನ ಮೇಲೆ ಬಾಗಿಯೇ ಕಳೆದಿತ್ತು. ಬೆಳಿಗ್ಗೆ ಎದ್ದರೆ ಸೊಂಟ ನೆಟ್ಟಗಾಗಲು ಅರ್ಧ ತಾಸು ಬೇಕು. ಈಚೀಚೆಗೆ ಯಾವ ಗಾಡಿ ಬಾಗಿಲಿಗೆ ಬಂದರೂ ಅವನಿಗೆ ಮೊದಲು ಅನ್ನಿಸುವುದು ಇದು ಬಾರದೇ ಇದ್ದಿದ್ದರೆ ಚೆನ್ನಾಗಿತ್ತು ಎಂದೇ. ಕೆಲಸದ ಸಿದರಾಯನೂ ಈ ದಿನ ನೆಂಟರ ಮದುವೆಗೆ ಹೋಗಿದ್ದ.

ಇಪ್ಪತ್ತು ವರ್ಷ ಹಳೆಯ ಕಾರು ಅದು, ಟರ್ಬೊ ಇದ್ದದ್ದು. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸಕ್ಕೇ ತಿರುಗುವ ಒಂದು ಪುಟ್ಟ ಚಕ್ರ. ಅದು ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ಉಣಿಸುತ್ತದೆ. ಗಾಳಿ ಹೆಚ್ಚು ಉಂಡಷ್ಟು ಓಟ ಹೆಚ್ಚು. ಅಂಥ ಗಾಡಿಯನ್ನು ಓಡಿಸಿ ತಂದು ನಿಲ್ಲಿಸಿದ ಕೂಡಲೇ ಬಂದ್ ಮಾಡಬಾರದು, ಒಂದು ನಿಮಿಷ ಎಂಜಿನ್ ಹಾಗೇ ನಡೆಯಲು ಬಿಡಬೇಕು. ಬಿಡದಿದ್ದರೆ ಕಾದ ಎಣ್ಣೆ ನಿಂತಲ್ಲೇ ಸುಟ್ಟು ಚಕ್ರದ ಬೇರಿಂಗು ಹಾಳಾಗುತ್ತದೆ. ಹಳೆಯ ಟರ್ಬೊ ಗಾಡಿ ಇಟ್ಟವರಿಗೆಲ್ಲ ಇದು ಗೊತ್ತು.

ಹೋದ ಭಾದ್ರಪದದಲ್ಲಿ ಈ ಟರ್ಬೊ ಎಣ್ಣೆ ಕುಡಿಯುತ್ತಿದೆ ಎಂದು ಇಳಿಸಿ, ಬಿಚ್ಚಿ, ಹೊಸ ಬೇರಿಂಗು ಹಾಕಿ ಕೂರಿಸಿದವನು ಪಾಯಪ್ಪನೇ. ದೇಸೂರಿನವರೆಗೆ ತಾನೇ ಓಡಿಸಿ ನೋಡಿದ್ದ. ಗಾಡಿ ಚೆನ್ನಾಗಿಯೇ ಎಳೆದಿತ್ತು. ಮೂರು ವಾರದ ಮೇಲೆ ಶಶಿಧರ ಬಂದು, ಎಳೆತ ದಿನದಿನಕ್ಕೆ ಕಡಿಮೆಯಾಗುತ್ತಿದೆ ಎಂದಾಗ ಪಾಯಪ್ಪ ಬಾನೆಟ್ಟನ್ನೂ ಎತ್ತಲಿಲ್ಲ. ಯಾರು ಓಡಿಸುತ್ತಾರೆ ಎಂದು ಕೇಳಿದ. ಹೆಂಡತಿ, ಬೆಳಗಾವಿಯ ಖಾಸಬಾಗದಲ್ಲಿ ಟೀಚರು, ಸಾಲೆಗೆ ದಿನಾ ಒಯ್ಯುತ್ತಾಳೆ ಎಂದು ಉತ್ತರ ಬಂತು. ಪಾಯಪ್ಪ ಒಂದು ನಗೆ ನಕ್ಕು, ಸಾಲೆಯ ಗಂಟೆ ಕೇಳಿಸಿದ ಮೇಲೆ ಹೆಂಗಸರಿಗೆ ಟರ್ಬೊ ನೆನಪಿರುತ್ತದೆಯೇ, ಬಿಸಿ ಇದ್ದಾಗಲೇ ಬಂದ್ ಮಾಡಿ ಓಡಿರುತ್ತಾರೆ ಎಂದುಬಿಟ್ಟ. ತನ್ನ ಕೆಲಸದ ಮೇಲೆ ಅನುಮಾನ ಬರುವ ಮೊದಲೇ ಇನ್ನೊಬ್ಬರ ತಲೆಯ ಮೇಲೆ ಗೂಬೆ ಕೂರಿಸಿದರೆ ಮನಸ್ಸಿಗೆ ಹಗುರ. ಮಾತು ಆಡಿದವನು ಮರೆತ, ಕೇಳಿದವನು ಅದನ್ನು ಮನೆಗೆ ಒಯ್ದ.

ಈ ಶನಿವಾರ ಬೆಳಿಗ್ಗೆ ಪಾಯಪ್ಪ ಬಾನೆಟ್ ಎತ್ತಿದ. ಕಂಪ್ರೆಸರಿನಿಂದ ಗಾಳಿ ತುಂಬಿ, ಪೈಪುಗಳ ಮೇಲೆಲ್ಲ ಸಾಬೂನು ನೀರು ಸುರಿದು ನೋಡಿದ. ಎಲ್ಲಿಯೂ ಗುಳ್ಳೆ ಏಳಲಿಲ್ಲ. ಗಾಳಿ ಸೋರುತ್ತಿಲ್ಲ. ಟರ್ಬೊದ ಬಾಯಿಗೆ ಕೂರಿಸಿದ ಪೈಪು ಬಿಚ್ಚಿ, ಬೆರಳು ತೂರಿಸಿ ಚಕ್ರ ತಿರುಗಿಸಿದ. ಒಂದಿಷ್ಟೂ ಅಲುಗಾಡದೆ ಸಲೀಸಾಗಿ ತಿರುಗಿತು. ಸುಟ್ಟ ಟರ್ಬೊ ಹೀಗೆ ತಿರುಗುವುದಿಲ್ಲ. ಇನ್ನೊಮ್ಮೆ ತಿರುಗಿಸಿ ನೋಡಿದ.

ಬೆರಳು ಹೊರತೆಗೆದ ಕೂಡಲೇ ಅವನ ಕೈ ತಾನಾಗಿ ಗೋಡೆಯ ಗೂಟಕ್ಕೆ ಹೋಯಿತು. ಅಲ್ಲಿ ಬಿಳಿಯ ಅರಿವೆಗಳ ಒಂದು ಕಟ್ಟು ಇತ್ತು. ಪಾಯಪ್ಪನ ಮನೆಯಲ್ಲಿ ನಲ್ಲಿಯ ನೀರನ್ನೂ ಎರಡು ಪದರ ಅರಿವೆಯಲ್ಲಿ ಸೋಸಿಯೇ ಕುಡಿಯುವುದು. ಜೈನರ ಮನೆಯ ರೂಢಿ. ಸೋಸಿ ಸೋಸಿ ತೆಳುವಾದ ಅರಿವೆಗಳನ್ನು ಹೆಂಡತಿ ಅಕ್ಕಾತಾಯಿ ಒಗೆದು, ಅಂಚಿಗೆ ನೀಲಿ ದಾರದ ಹೊಲಿಗೆ ಹಾಕಿ ಗ್ಯಾರೇಜಿಗೆ ಕೊಡುತ್ತಿದ್ದಳು. ಬಿಚ್ಚಿದ ಪ್ರತಿಯೊಂದು ಪೈಪಿನ ಬಾಯಿಗೂ ಪಾಯಪ್ಪ ಅಂಥದೊಂದನ್ನು ತುರುಕುತ್ತಿದ್ದ. ಕೇಳಿದವರಿಗೆ ಧೂಳು ಹೋಗಬಾರದು ಎನ್ನುತ್ತಿದ್ದ. ಒಂದು ಹುಳ ಒಳಗೆ ಹೋಗಿ, ಎಂಜಿನ್ ಚಾಲೂ ಮಾಡಿದಾಗ ಅದು ಸತ್ತರೆ ಆ ಪಾಪ ಯಾರಿಗೆ ಎಂಬುದು ಅವನ ಒಳಗಿನ ಕಾರಣ. ತುರುಕುವಾಗ ಒಂದೇ ನಿಯಮ: ಅರಿವೆಯ ಬಾಲ ಒಂದು ಗೇಣು ಹೊರಗೆ ಜೋತಾಡುತ್ತಿರಬೇಕು. ಮರೆತು ಒಳಗೆ ಉಳಿಯಬಾರದು ನೋಡಿ, ಅದಕ್ಕೆ.

ಗಾಳಿ ಟರ್ಬೊದಿಂದ ಹೊರಟು ನೇರ ಎಂಜಿನ್ನಿಗೆ ಹೋಗುವುದಿಲ್ಲ. ನಡುವೆ ಇಂಟರ್‌ಕೂಲರ್ ಎಂಬ ಜಾಲರಿಯ ಡಬ್ಬಿಯಲ್ಲಿ ಹಾದು ತಣ್ಣಗಾಗಿ ಹೋಗುತ್ತದೆ. ಗಾಳಿ ಆ ಡಬ್ಬಿಯ ಒಳಹೋಗುವಲ್ಲಿ ಒಂದು, ಹೊರಬರುವಲ್ಲಿ ಒಂದು, ಹೀಗೆ ಎರಡು ಗೇಜು ಕೂರಿಸಿ, ಗಾಡಿ ಓಡಿಸುತ್ತ ಒತ್ತಡ ನೋಡಬೇಕು ಎಂದುಕೊಂಡ. ಆದರೆ ಓಡಿಸುವುದು ಮತ್ತು ಗೇಜು ನೋಡುವುದು ಒಬ್ಬನಿಂದ ಆಗುವ ಕೆಲಸವಲ್ಲ.

ಅಷ್ಟರಲ್ಲಿ ಬಸ್ಸು ನಿಂತಿತು. ಶನಿವಾರದ ಅರ್ಧ ದಿನದ ಸಾಲೆ ಮುಗಿಸಿಕೊಂಡು ಪದ್ಮಶ್ರೀ ಇಳಿದು ಬಂದಳು, ಶಶಿಧರನ ಹೆಂಡತಿ. ಹೆಗಲಿಗೆ ಚೀಲ, ಕೈಯಲ್ಲಿ ಬುತ್ತಿಯ ಡಬ್ಬಿ, ಮುಖದ ಮೇಲೆ ಬೆಳಗಿನ ಆರೂವರೆಗೆ ಮನೆ ಬಿಟ್ಟವರ ದಣಿವು. ಗಾಡಿಗೆ ಏನಾಯಿತು ಎಂದು ಕೇಳಿಕೊಂಡು ಬಾ ಎಂದು ಗಂಡ ಫೋನಿನಲ್ಲಿ ಹೇಳಿದ್ದಾನೆ ಎಂದಳು. ಕಾರಿನ ಹತ್ತಿರ ಬರಲಿಲ್ಲ, ದೂರದಲ್ಲೇ ನಿಂತಳು. ಪಾಯಪ್ಪ ಗೇಜಿನ ವಿಷಯ ಹೇಳಿ, ದೇಸೂರಿನ ತನಕ ಗಾಡಿ ಓಡಿಸುವಿರಾ ಎಂದು ಕೇಳಿದ.

“ನಾ ಹೊಡಿಯೂದ ಬಿಟ್ಟೀನ್ರಿ, ಪಾಯಪ್ಪಣ್ಣಾರ,” ಎಂದಳು. “ನಾಕ ತಿಂಗಳಾತು.”

ಪಾಯಪ್ಪ ಮತ್ತೆ ಕೇಳಿದ. ಬೇರೆ ಯಾರೂ ಇಲ್ಲ, ಹತ್ತು ನಿಮಿಷದ ಕೆಲಸ ಎಂದ. ಅವಳು ಬುತ್ತಿಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಸೆರಗು ಸಿಕ್ಕಿಸಿ ಒಳಗೆ ಕುಳಿತಳು. ಸೀಟು ಗಂಡನ ಅಳತೆಗೆ ಹಿಂದೆ ಸರಿದಿತ್ತು. ಕೆಳಗೆ ಕೈ ಹಾಕಿ, ನೋಡದೆಯೇ, ಅದನ್ನು ತನ್ನ ಹಳೆಯ ಜಾಗಕ್ಕೆ ಎಳೆದುಕೊಂಡಳು.

ಅವಳು ಓಡಿಸಿದ ರೀತಿ ನೋಡಿ ಪಾಯಪ್ಪನಿಗೆ ಸಂಕೋಚವಾಯಿತು. ಗಿಯರ್ ಬಿದ್ದದ್ದು ತಿಳಿಯುತ್ತಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಅವಸರವಿಲ್ಲದೆ ಕಾದು, ರಸ್ತೆ ತೆರವಾದಾಗಷ್ಟೇ ಕಾಲು ಒತ್ತಿದಳು. ಅವನು ಮಡಿಲಿನ ಮೇಲಿದ್ದ ಎರಡು ಗೇಜುಗಳ ಕಡೆ ನೋಡಿದ. ಮೊದಲನೆಯ ಮುಳ್ಳು ಎಷ್ಟು ಏರಬೇಕೋ ಅಷ್ಟೂ ಏರಿತು. ಎರಡನೆಯದು ಅದರ ಕಾಲು ಭಾಗಕ್ಕೇ ನಿಂತು ನಡುಗಿತು. ಇನ್ನೊಮ್ಮೆ ಒತ್ತಲು ಹೇಳಿದ. ಮತ್ತೆ ಅದೇ. ಟರ್ಬೊ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ, ಗಾಳಿ ನಡುವೆ ಎಲ್ಲೋ ಸಿಕ್ಕಿಬಿದ್ದಿದೆ. ಅಲ್ಲಿಗೆ ಟರ್ಬೊ ಸುಟ್ಟಿದೆ ಎಂಬ ಮಾತು ಸುಳ್ಳಾಯಿತು. ಅದನ್ನು ಅಲ್ಲೇ ಹೇಳಬಹುದಿತ್ತು. ಅವನು ಹೇಳಲಿಲ್ಲ.

ಗ್ಯಾರೇಜಿಗೆ ಮರಳಿ ಗಾಡಿ ನಿಂತ ಮೇಲೂ ಅವಳು ಕೀಲಿ ತಿರುಗಿಸಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಎದುರಿನ ಗೋಡೆ ನೋಡುತ್ತ ಕುಳಿತಳು. ತುಟಿ ಸಣ್ಣಗೆ ಅಲುಗುತ್ತಿತ್ತು. ಎಂಜಿನ್ ಮೆಲ್ಲಗೆ ನಡೆಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಬಂದ್ ಮಾಡಿದಳು. ಏನು ಹೇಳಿಕೊಂಡಿರಿ ಎಂದು ಪಾಯಪ್ಪ ಕೇಳಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

“ಒಂದ ವಚನಾ ಎರಡ ಸರ್ತಿ ಅಂದ್ರ ಬರೋಬ್ಬರಿ ಒಂದ ನಿಮಿಷ ಆಗತೈತ್ರಿ. ಗಡಿಯಾರ ನೋಡೂದಕ್ಕಿಂತ ಅದ ಹಗೂರ. ಕಲತ ದಿನದಿಂದ ಹಂಗ ಮಾಡಕೋಂತ ಬಂದೀನಿ.” ಕೀಲಿಯನ್ನು ಅವನ ಕೈಗಿಟ್ಟಳು. “ಆದ್ರೂ ಸುಟ್ಟಿತಂತಲ್ರಿ. ಎಲ್ಲೋ ಒಂದಿನ ಮರತಿರಬೇಕು ನಾ. ಯಾವತ್ತಂತ ಎಷ್ಟ ನೆನಸಿಕೊಂಡ್ರೂ ನೆನಪಾಗವಲ್ದು.”

ಪೂರಾ ಬಿಚ್ಚಿ ನೋಡಿ ಹೇಳುತ್ತೇನೆ ಎಂದ ಪಾಯಪ್ಪ. ಅವಳು ಡಬ್ಬಿ ಎತ್ತಿಕೊಂಡು ಮುಂದಿನ ಬಸ್ಸಿಗೆ ಕೈ ಮಾಡಿದಳು. ಬಸ್ಸು ತುಂಬಿತ್ತು. ಬಾಗಿಲಲ್ಲೇ ಕಂಬಿ ಹಿಡಿದು ನಿಂತು ಹೋದಳು.

ಇಂಟರ್‌ಕೂಲರ್ ಇಳಿಸಲು ಒಂದೂವರೆ ತಾಸು ಹಿಡಿಯಿತು. ಪೈಪಿನ ಕ್ಲಾಂಪು ಸಡಿಲಿಸಿ, ಡಬ್ಬಿಯ ಬಾಯಿಗೆ ಟಾರ್ಚು ಹಿಡಿದು ನೋಡಿದಾಗ ಒಳಗೆ ಏನೋ ಕಪ್ಪಗೆ ಜಾಲರಿಗೆ ಅಂಟಿಕೊಂಡದ್ದು ಕಾಣಿಸಿತು. ಉದ್ದ ಚಿಮಟಿಗೆ ಹಾಕಿ ಎಳೆದ. ಮೊದಲು ಬರಲಿಲ್ಲ. ಆಮೇಲೆ ಒದ್ದೆಯಾಗಿ, ಭಾರವಾಗಿ, ಎಣ್ಣೆ ಕುಡಿದು ಕರಿದಾದ ಒಂದು ಅರಿವೆ ಹೊರಗೆ ಬಂತು. ಯಾವ ಅರಿವೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಹೆಬ್ಬೆರಳಿನಿಂದ ಅಂಚು ಉಜ್ಜಿದ. ನೀಲಿ ದಾರ.

ಪಾಯಪ್ಪ ಬೋರಲು ಹಾಕಿದ್ದ ಎಣ್ಣೆ ಡಬ್ಬದ ಮೇಲೆ ಕುಳಿತ. ಎಲ್ಲವೂ ಒಂದೊಂದಾಗಿ ನೆನಪಾಯಿತು. ಭಾದ್ರಪದದಲ್ಲಿ ಜೈನರು ಆಚರಿಸುವ ದಶಲಕ್ಷಣ ಪರ್ವದ ದಿನಗಳು ಅವು, ಹತ್ತು ದಿನ ಒಂದೇ ಹೊತ್ತಿನ ಊಟ. ಸಂಜೆಯ ಹೊತ್ತಿಗೆ ತಲೆ ಹಗುರಾಗಿರುತ್ತಿತ್ತು. ಮಳೆ ಹೊಡೆಯುತ್ತಿತ್ತು. ಮಳೆಯ ಹುಳಗಳು ದೀಪಕ್ಕೆ ಮುತ್ತುತ್ತಿದ್ದವು. ಅವನು ಬಿಚ್ಚಿದ ಪೈಪಿಗೆ ಅರಿವೆ ತುರುಕಿದ. ತಗಡಿನ ಅಂಚಿನಿಂದ ನೀರು ಹನಿದು, ಹೊರಗೆ ಜೋತ ಬಾಲ ನೆನೆದು, ಅದರ ಗುಂಟ ನೀರು ಒಳಗೆ ಇಳಿದೀತೆಂದು ಆ ಒಂದು ದಿನ ಬಾಲವನ್ನೂ ಮಡಚಿ ಒಳಗೆ ತಳ್ಳಿದ. ಬಸದಿಯ ಆರತಿಗೆ ಹೊತ್ತಾಯಿತೆಂದು ಓಡಿದ. ಮರುದಿನ ಬಂದವನು ಪೈಪು ಕೂರಿಸಿದ, ಸಿದರಾಯ ಕ್ಲಾಂಪು ಬಿಗಿದ. ಹುಳ ಸಾಯಬಾರದೆಂದು ಅಷ್ಟೆಲ್ಲ ಎಚ್ಚರಿಕೆ. ಮೊದಲ ದಿನ ಅರಿವೆ ಮುದ್ದೆಯಾಗಿ ಮೂಲೆಯಲ್ಲಿ ಬಿದ್ದಿದ್ದಿರಬೇಕು, ಆಮೇಲೆ ಗಾಳಿಯ ಹೊಡೆತಕ್ಕೆ ಹರಡಿ ಹರಡಿ ಜಾಲರಿಯನ್ನೇ ಮುಚ್ಚಿತು.

ಪರ್ವ ಮುಗಿದ ದಿನ, ರೂಢಿಯಂತೆ, ಪರಿಚಯದವರಿಗೆಲ್ಲ ಫೋನಿನಲ್ಲಿ ಕ್ಷಮೆಯ ಸಂದೇಶ ಕಳಿಸಿದ್ದ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು. ಯಾರೋ ಬರೆದದ್ದು, ಎಲ್ಲರಿಗೂ ಒಂದೇ. ಶಶಿಧರನಿಗೂ ಹೋಗಿತ್ತು, ಅವನು ಕೈಮುಗಿದ ಚಿತ್ರ ಮರಳಿಸಿದ್ದ. ಆಗ ಅರಿವೆ ಒಳಗೇ ಇತ್ತು.

ಮನಸ್ಸು ಸುಮ್ಮನಿರುವುದಿಲ್ಲ. ಕ್ಲಾಂಪು ಬಿಗಿದವನು ಸಿದರಾಯ ಅಲ್ಲವೇ ಎಂದಿತು. ಮತ್ತೆ, ಯಾರಿಗೂ ಏನೂ ಹೇಳಬೇಕಾಗಿಯೇ ಇಲ್ಲ ಎಂದಿತು. ಅರಿವೆಯನ್ನು ಒಲೆಗೆ ಹಾಕಿದರೆ ಮುಗಿಯಿತು. ದೊಡ್ಡ ಗ್ಯಾರೇಜಿನವರಿಗೆ ಸಿಗದ ರೋಗ ಪಾಯಪ್ಪನಿಗೆ ಅರ್ಧ ದಿನದಲ್ಲಿ ಸಿಕ್ಕಿತು ಎಂದು ಖಾನಾಪುರದ ತನಕ ಹೆಸರಾಗುತ್ತದೆ. ಅವನು ಅರಿವೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬುತ್ತಿಯ ಚೀಲದ ತಳಕ್ಕಿಟ್ಟ. ಇಂಟರ್‌ಕೂಲರ್ ತೊಳೆದು ಕೂರಿಸಿದ.

ಐದು ಗಂಟೆಗೆ ಶಶಿಧರ ಬಂದು ಗಾಡಿ ಓಡಿಸಿ ನೋಡಿದ. ಮರಳಿ ಬಂದಾಗ ಅವನ ಮುಖ ಅರಳಿತ್ತು. ಕಂಪ್ಯೂಟರೆಲ್ಲ ಸುಳ್ಳು, ನಿಮ್ಮ ಕೈಯೊಂದೇ ಖರೆ ಎಂದ. ಏನಾಗಿತ್ತು ಎಂದು ಕೇಳಿದ.

“ಗಾಳಿ ಹಾದಿ ಕಟ್ಟಿತ್ರಿ,” ಎಂದ ಪಾಯಪ್ಪ. “ಬಿಡಿಸೀನಿ.”

ಸುಳ್ಳು ಹೇಳಿರಲಿಲ್ಲ. ಖರೆಯನ್ನೂ ಹೇಳಿರಲಿಲ್ಲ. ಗೋವಾದವನಿಗೆ ಬರಬೇಡ ಎಂದು ಶಶಿಧರ ಅಲ್ಲಿಂದಲೇ ಫೋನು ಮಾಡಿದ. ಗಾಡಿ ಮಾರುವುದಿಲ್ಲ, ಆದರೆ ಇನ್ನು ಮೇಲೆ ಹೆಂಡತಿಯ ಕೈಗೆ ಮಾತ್ರ ಕೊಡುವುದಿಲ್ಲ, ಒಮ್ಮೆ ಕೆಡಿಸಿದ್ದು ಸಾಕು ಎಂದು ನಗುತ್ತ ಹೇಳಿ ಹೋದ. ಪಾಯಪ್ಪನಿಗೆ ನಗಲು ಆಗಲಿಲ್ಲ. ಆಗ ಮಾತಾಡದೆ ನಿಂತದ್ದೇ ಅವನಿಗೆ ಆಮೇಲೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಖಾಸಬಾಗದ ಮನೆಯಲ್ಲಿ ಅಕ್ಕಾತಾಯಿ ಹೊತ್ತು ಮುಳುಗುವ ಮೊದಲೇ ತಾಟು ಹಾಕಿ ಕಾಯುತ್ತಿದ್ದಳು. ಕತ್ತಲಾದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಪಾಯಪ್ಪ ರೊಟ್ಟಿ ಮುರಿದ, ಬಾಯಿಗೆ ಹಾಕಲಿಲ್ಲ. ಕಿಟಕಿಯ ಬೆಳಕು ಕಡಿಮೆಯಾಗುತ್ತ ಹೋಯಿತು. ಅವಳು ಎರಡು ಸಲ ಹೊರಗೆ ನೋಡಿ, ಉಣ್ಣಿರಿ ಎಂದಳು. ಕೊನೆಗೆ ಅವನು ಎದ್ದು ಚೀಲದಿಂದ ಅರಿವೆ ತಂದು ಅವಳೆದುರು ಬಿಚ್ಚಿದ. ಅವಳು ಮುಟ್ಟದೆ, ಬಾಗಿ, ಹೊಲಿಗೆ ನೋಡಿದಳು.

“ಭಾದ್ರಪದದಾಗ ಎಂಟ ಕೊಟ್ಟಿದ್ನಿ, ತಿರುಗಿ ಒಗ್ಯಾಕ ಏಳ ಬಂದಿದ್ದೂವು,” ಎಂದಳು. “ನೀವ, ಸಿದರಾಯ ಎಲ್ಲೋ ಚೆಲ್ಲಿರಬೇಕು ಅಂದ್ರಿ.”

ಅವನು ಎಲ್ಲ ಹೇಳಿದ. ವಚನದ ಮಾತನ್ನೂ ಹೇಳಿದ. ಹೊರಗೆ ಪೂರ್ತಿ ಕತ್ತಲಾಗಿತ್ತು. ಅವಳು ತಾಟು ಎತ್ತಿದಳು. ನಾಳೆ ಹೋಗಿ ಹೇಳಿ ಬರ್ರಿ ಎಂದಳು. ಸಾವಕಾರನಿಗೆ ಫೋನು ಮಾಡಿದರಾಯಿತು ಎಂದ ಪಾಯಪ್ಪ.

“ಸಾವಕಾರಗ ಅಲ್ರಿ. ಆಕಿಗಿ.”

ಭಾನುವಾರ ಮಧ್ಯಾಹ್ನ ಮೂರರ ಬಸ್ಸು ಹಿಡಿದು ಪಾಯಪ್ಪ ಖಾನಾಪುರಕ್ಕೆ ಹೋದ. ಬೆಳಿಗ್ಗೆ ಕೋಟೆಯ ಬಸದಿಗೆ ಹೋಗಿ ನಿಂತಿದ್ದ. ಅಲ್ಲಿ ಏನೂ ತೋಚಲಿಲ್ಲ, ಕಾಲು ನೋವು ಮಾತ್ರ ತಿಳಿಯಿತು. ಹೊತ್ತು ಮುಳುಗುವುದರೊಳಗೆ ಬಂದುಬಿಡಿ, ಇವತ್ತೂ ಉಪವಾಸ ಬೀಳಬೇಡಿ ಎಂದು ಅಕ್ಕಾತಾಯಿ ಮೂರು ಸಲ ಹೇಳಿ ಕಳಿಸಿದ್ದಳು.

ಶಶಿಧರ ಮನೆಯ ಮುಂದೆ ಕಾರು ತೊಳೆಯುತ್ತಿದ್ದ. ಪಾಯಪ್ಪನನ್ನು ನೋಡಿ ಕೈ ಒರೆಸಿಕೊಂಡು ಒಳಗೆ ಕರೆದ. ಪಡಸಾಲೆಯಲ್ಲಿ ಅವನ ತಾಯಿ ಬಸವಣ್ಣೆವ್ವ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಪದ್ಮಶ್ರೀ ಸಾಲೆಯ ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಇದ್ದಳು. ಗಾಡಿ ಸರಿ ಮಾಡಿದ ಮನುಷ್ಯ ಎಂದು ಶಶಿಧರ ತಾಯಿಗೆ ಪರಿಚಯ ಹೇಳಿದ. ಮುದುಕಿ ಅವನನ್ನು ಕೃತಜ್ಞತೆಯಿಂದ ನೋಡಿ, ಸೊಸೆಗೆ ಚಹಾ ಇಡಲು ಹೇಳಿದಳು. ಪದ್ಮಶ್ರೀ ಎದ್ದಳು.

ನೀವು ಹೋಗಬೇಡಿ, ಕುಳಿತುಕೊಳ್ಳಿ ಎಂದ ಪಾಯಪ್ಪ. ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು. ಚೀಲದಿಂದ ಅರಿವೆ ತೆಗೆದು ಟೀಪಾಯಿಯ ಮೇಲೆ, ಪ್ಲಾಸ್ಟಿಕ್ಕಿನ ಸಮೇತ ಇಟ್ಟ.

“ಇದು ನಮ್ಮ ಮನ್ಯಾಗಿನ ಅರಿವಿ. ನೀರ ಸೋಸೂದು. ಟರ್ಬೊ ಬಿಚ್ಚಿದಾಗ ನಾನ ಪೈಪಿನ್ಯಾಗ ತುರುಕಿ ಮರತಿದ್ನಿ. ಅದ ಗಾಳಿ ಕಟ್ಟಿತ್ತು. ಟರ್ಬೊ ಸುಟ್ಟಿದ್ದಿಲ್ಲ, ಯಾವತ್ತೂ ಸುಟ್ಟಿದ್ದಿಲ್ಲ. ಅಕ್ಕೋರ ಒಂದಿನಾನೂ ಮರತಿಲ್ಲ. ಮರತಾವ ನಾನು.”

ಬಸವಣ್ಣೆವ್ವನ ಕೈ ನಿಂತಿತು. ಶಶಿಧರ ಚೀಲವನ್ನು ಬೆರಳಿನಿಂದ ಸರಿಸಿ, ಅರಿವೆ ನೋಡಿ, ಆಮೇಲೆ ಜೋರಾಗಿ ನಕ್ಕ. ಇಷ್ಟಕ್ಕೆ ಅಲ್ಲಿಂದ ಬಸ್ಸು ಹಿಡಿದು ಬಂದಿರಾ ಎಂದ. ಹೋಗಲಿ ಬಿಡಿ, ಕೆಲಸ ಮಾಡುವ ಕೈಯಿಂದಲೇ ತಪ್ಪಾಗುವುದು, ಕೆಲಸ ಮಾಡದವರಿಂದ ಏನಾಗುತ್ತದೆ, ಗಾಡಿ ಸರಿಯಾಯಿತಲ್ಲ, ಅಷ್ಟು ಸಾಕು ಎಂದ. ಮನಸ್ಸಿನಿಂದಲೇ ಹೇಳಿದ. ಪಾಯಪ್ಪನ ಬೆನ್ನು ಸವರಿದ ಕೂಡ.

“ಅವರ ತಪ್ಪು ಒಂದ ಮಾತಿನ್ಯಾಗ ಹೋತಲ್ಲ,” ಎಂದಳು ಪದ್ಮಶ್ರೀ.

ದನಿ ಏರಿರಲಿಲ್ಲ. ಅವಳು ಅರಿವೆಯನ್ನೇ ನೋಡುತ್ತಿದ್ದಳು.

“ನಂದು ನಾಕ ತಿಂಗಳ ನಡೀತು. ಮಾಡಲಾರದ್ದು.”

ಶಶಿಧರನ ನಗೆ ಮುಖದ ಮೇಲೆ ಹಾಗೇ ಉಳಿಯಿತು, ತೆಗೆಯುವುದು ಹೇಗೆ ಎಂದು ಅವನಿಗೆ ತಿಳಿಯದೆ. ಪಾಯಪ್ಪ ಕೈ ಜೋಡಿಸಿದ. ಸಾವಕಾರರ ಕ್ಷಮೆ ಕೇಳಲು ತಾನು ಬಂದಿಲ್ಲ, ನಿಮ್ಮನ್ನು ಕೇಳಲು ಬಂದಿದ್ದೇನೆ ಎಂದು ಅವಳಿಗೆ ಹೇಳಿದ. ಬಾನೆಟ್ ಎತ್ತದೆಯೇ, ಹೆಂಗಸರೆಂದು ತಪ್ಪು ಹೊರಿಸಿದವನು ನಾನು ಎಂದ. ಅವಳು ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅವಳ ಕಣ್ಣು ತುಂಬಿತ್ತು. ಸಿಟ್ಟಿನಿಂದಲೋ ಬಿಡುಗಡೆಯಿಂದಲೋ, ಅವಳಿಗೂ ಹೇಳಲು ಬರುತ್ತಿರಲಿಲ್ಲ. ನಾಲ್ಕು ತಿಂಗಳು ರಾತ್ರಿಯೆಲ್ಲ ಒಂದೊಂದು ದಿನವನ್ನೂ ತಡವಿ, ಯಾವತ್ತು ಮರೆತೆ ಎಂದು ಹುಡುಕಿದ್ದಳು. ಅಂಥ ದಿನವೇ ಇರಲಿಲ್ಲ.

ಬಸವಣ್ಣೆವ್ವ ಸುಲಿದ ಅವರೆಕಾಳನ್ನು ಬುಟ್ಟಿಯಲ್ಲಿ ಅತ್ತಿತ್ತ ಸರಿಸಿದಳು. “ಚಹಾ ನಾ ಇಡ್ತೀನಿ, ನೀ ಕುಂದರು,” ಎಂದು ಸೊಸೆಗೆ ಹೇಳಿ, ಗೋಡೆ ಹಿಡಿದು ಎದ್ದಳು.

ಚಹಾ ಬಂತು. ಶಶಿಧರ ಚಳಿಯ ವಿಷಯ ಎತ್ತಿ ಬಿಟ್ಟ. ಪಾಯಪ್ಪ ಗಡಿಯಾರ ನೋಡಿದ್ದನ್ನು ಪದ್ಮಶ್ರೀ ಕಂಡಳು. ಐದೂ ಇಪ್ಪತ್ತು. ಭಾನುವಾರದ ಬಸ್ಸು ಯಾವಾಗ ಬರುತ್ತದೋ, ಬಂದರೂ ಸಂತೆಯ ಮಂದಿ ತುಂಬಿರುತ್ತದೆ.

“ನಿಮಗ ಹೊತ್ತ ಮುಳುಗೂದರಾಗ ಉಣ್ಣಬೇಕಲ್ರಿ?” ಎಂದಳು. ಅವಳ ಸಾಲೆ ಇರುವ ಓಣಿಯಲ್ಲಿ ಜೈನರ ಮನೆಗಳೇ ಹೆಚ್ಚು, ಅವಳಿಗೆ ಗೊತ್ತಿತ್ತು.

ಎದ್ದು ಗಂಡನ ಮುಂದೆ ಕೈ ಚಾಚಿದಳು. ಕೀಲಿ ಅವನ ಅಂಗಿಯ ಜೇಬಿನಲ್ಲಿತ್ತು. ತಾನೇ ಬಿಟ್ಟು ಬರುತ್ತೇನೆ ಎಂದು ಅವನು ಅರ್ಧ ಎದ್ದ. ಅವಳ ಕೈ ಚಾಚಿದಂತೆಯೇ ಇತ್ತು. ಅವನು ಜೇಬಿಗೆ ಕೈ ಹಾಕಿ, ಸ್ವಲ್ಪ ತಡೆದು, ಕೀಲಿ ತೆಗೆದು ಅದರಲ್ಲಿಟ್ಟ. ಹೊರಡುವಾಗ ಅವಳು ಟೀಪಾಯಿಯ ಮೇಲಿನ ಅರಿವೆಯ ಚೀಲವನ್ನು ತೆಗೆಯಲಿಲ್ಲ. ಪಾಯಪ್ಪ ಎತ್ತಿಕೊಳ್ಳಲು ಹೋದಾಗ, ಇರಲಿ ಬಿಡಿ ಎಂದಳು.

ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಸಿಕ್ಕವು. ಗಾಡಿ ಈಗ ಕಾಲು ಮುಟ್ಟಿದರೆ ಸಾಕು, ಎಳೆಯುತ್ತಿತ್ತು. ಅವಳು ಒಂದೊಂದನ್ನೇ ದಾಟಿ ಮುಂದೆ ಹೋದಳು. ಪಾಯಪ್ಪನಿಗೆ ಮನಸ್ಸು ಹಗುರಾಗಿರಲಿಲ್ಲ, ದಣಿವಷ್ಟೇ ಇತ್ತು. ದೇಸೂರು ದಾಟಿದ ಮೇಲೆ ಅವಳು, ನಾಳೆಯಿಂದ ಬಸ್ಸಿನ ಪಾಸು ಬೇಕಿಲ್ಲ ಎಂದಳು. ಅವನಿಗೆ ಹೇಳಿದಳೋ ತನಗೇ ಹೇಳಿಕೊಂಡಳೋ ತಿಳಿಯಲಿಲ್ಲ. ಪೀರನವಾಡಿಯಲ್ಲಿ ಗ್ಯಾರೇಜಿನ ಮುಚ್ಚಿದ ಬಾಗಿಲು ಹಾದುಹೋಯಿತು. ಊರೊಳಗೆ ಗಾಡಿಗಳ ದಟ್ಟಣೆಯಲ್ಲಿ ಹೊತ್ತು ಹೋಯಿತು.

ಖಾಸಬಾಗದ ಓಣಿಗೆ ತಿರುಗಿದಾಗ ಸೂರ್ಯ ಎದುರುಮನೆಯ ಹಂಚಿನ ಮೇಲೆ ಕುಳಿತಿದ್ದ. ಬಾಗಿಲಲ್ಲಿ ನಿಂತಿದ್ದ ಅಕ್ಕಾತಾಯಿ ಕಾರು ಕಂಡ ಕೂಡಲೇ ಆಕಾಶದ ಕಡೆ ಕೈ ತೋರಿಸಿ, ಬೇಗ ಬನ್ನಿ ಎಂದು ಸನ್ನೆ ಮಾಡಿದಳು. ಒಳಗೆ ತಾಟು ಹಾಕಿದ್ದು ಕಾಣುತ್ತಿತ್ತು. ಗಾಡಿ ನಿಂತಿತು. ಪಾಯಪ್ಪನ ಕೈ ಬಾಗಿಲಿನ ಹಿಡಿಕೆಗೆ ಹೋಯಿತು.

ಪದ್ಮಶ್ರೀ ಕೀಲಿ ತಿರುಗಿಸಿರಲಿಲ್ಲ. ಎರಡೂ ಕೈ ಮಡಿಲಿಗೆ ತೆಗೆದುಕೊಂಡು ಎದುರು ನೋಡುತ್ತಿದ್ದಳು.

ಪಾಯಪ್ಪ ಹಿಡಿಕೆಯಿಂದ ಕೈ ತೆಗೆದು ಸೀಟಿಗೆ ಒರಗಿದ. ಅಕ್ಕಾತಾಯಿ ಮತ್ತೊಮ್ಮೆ ಕೈ ಮಾಡಿದಳು, ಆಮೇಲೆ ಏನೋ ಅರ್ಥವಾದವಳಂತೆ ಕೈ ಇಳಿಸಿ ನಿಂತಳು. ಹಂಚಿನ ಅಂಚಿನಲ್ಲಿ ಬೆಳಕು ಒಂದು ಗೆರೆಯಷ್ಟು ಉಳಿದಿತ್ತು. ಎಂಜಿನ್ ಮೆಲ್ಲಗೆ ನಡೆಯುತ್ತಿತ್ತು. ಅವಳ ತುಟಿ ಅಲುಗುತ್ತಿತ್ತು, ವಚನ ಇನ್ನೂ ಮೊದಲನೆಯ ಸರತಿಯಲ್ಲೇ ಇತ್ತು.